ಹನ್ನೊಂದನೆಯ ವಾಕ್ಯಕ್ಕೂ ಮೊದಲು

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಅನೇಕ ಚರ್ಚುಗಳಲ್ಲಿ ವಾಗ್ದಾನ ವಾಕ್ಯದ ಕಾರ್ಡುಗಳು ಸುತ್ತು ಬರುತ್ತವೆ. ಒಂದನ್ನು ಎತ್ತಿಕೊಳ್ಳಬೇಕು; ವರ್ಷವಿಡೀ ಅದೇ ಊರುಗೋಲು. ಈ ಪದ್ಧತಿ ನನಗೆ ಪ್ರಿಯವಾದದ್ದು. ಆದರೆ ಬಂದ ಕಾರ್ಡನ್ನು ಹಾಗೇ ಕನ್ನಡಿಯ ಅಂಚಿಗೆ ಸಿಕ್ಕಿಸಬೇಡಿ, ಮೊದಲು ಸತ್ಯವೇದ ತೆರೆದು ಆ ಅಧ್ಯಾಯವನ್ನು ಪೂರ್ತಿ ಓದಿ.

ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ 1728ರಲ್ಲಿ ಶುರುವಾಗಿ, 1731ರಿಂದ ಪುಸ್ತಕವಾಗಿ ಬರುತ್ತಿರುವ ದಿನವಾಕ್ಯಗಳಿವೆ. ಅಲ್ಲಿಯೂ ಹಳೆ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿಯೇ ಆರಿಸುವುದು. ಆದರೆ ಅದನ್ನು ಒಂಟಿಯಾಗಿ ಬಿಡುವುದಿಲ್ಲ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಹುಡುಕಿ ಜೊತೆಗಿಡುತ್ತಾರೆ.

ಯೆರೆಮೀಯ 29:11ನ್ನೇ ನೋಡಿ. ದೇವರು ನಿಮಗೆ ಒಳಿತನ್ನೇ ಯೋಚಿಸಿದ್ದಾನೆ, ನಿರೀಕ್ಷೆಗೆ ಜಾಗವಿದೆ ಎಂಬ ಅರ್ಥದ ಆ ವಾಕ್ಯ ಎಷ್ಟು ಮನೆಗಳ ಗೋಡೆಯ ಮೇಲಿಲ್ಲ! ಅದು ಯೆರೂಸಲೇಮಿನಿಂದ ಬಾಬಿಲೋನಿಗೆ, ಸೆರೆಹೋದವರಿಗೆ ಬರೆದ ಕಾಗದದ ಒಂದು ಸಾಲು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯನೆಂಬ ಪ್ರವಾದಿ ಸಾರಿದ್ದು ಹಿಂದಿನ ಅಧ್ಯಾಯದಲ್ಲಿದೆ. ಯೆರೆಮೀಯನ ಲೆಕ್ಕವೇ ಬೇರೆ: 70 ವರ್ಷ. ಅಂದರೆ ಆ ಕಾಗದ ಓದಿದ ಬಹುಪಾಲು ಮಂದಿಗೆ ತಮ್ಮ ಕಾಲದಲ್ಲಿ ಊರು ಸೇರುವ ಆಸೆಯಿರಲಿಲ್ಲ. ಇದನ್ನು ತಿಳಿದು ಓದಿದರೆ ವಾಕ್ಯದ ತೂಕ ಇಳಿಯುವುದಿಲ್ಲ, ಏರುತ್ತದೆ.

ನಾನು ಒರಗಿಕೊಂಡದ್ದು ಮಾತ್ರ ಅದೇ ಕಾಗದದ ಐದನೆಯ ವಾಕ್ಯಕ್ಕೆ. ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿ ಅದರ ಫಲ ಉಣ್ಣಿರಿ ಎಂಬುದು ಅದರ ಸಾರಾಂಶ. ಯಾವ ಕಾರ್ಡಿನಲ್ಲೂ ನಾನದನ್ನು ಕಂಡಿಲ್ಲ. ದೂರದ ಊರಿಗೆ ವರ್ಗವಾದಾಗ, ಇನ್ನೇನು ವಾಪಸು ಹೋಗುತ್ತೇವೆಂದು ಎರಡು ವರ್ಷ ಪಾತ್ರೆಯ ಪೆಟ್ಟಿಗೆಗಳನ್ನೂ ಬಿಚ್ಚದೆ ಬದುಕಿದೆವು. ನೆರೆಯವರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ವರ್ಗದ ಅರ್ಜಿ ಮತ್ತೆ ತಿರಸ್ಕೃತವಾದ ರಾತ್ರಿ, ಹನ್ನೊಂದನೆಯದರಲ್ಲಿ ಸಮಾಧಾನ ಹುಡುಕಲು ಹೋಗಿ, ಐದನೆಯದರ ಬಳಿ ನಿಂತುಬಿಟ್ಟೆ. ಏಳನೆಯದು ಇನ್ನೂ ಕಷ್ಟದ್ದು: ನೀವಿರುವ ಆ ಪರಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತದೆ.

ಮರುದಿನ ಪೆಟ್ಟಿಗೆಗಳನ್ನು ಬಿಚ್ಚಿದೆವು. ಬಾಡಿಗೆ ಮನೆಯ ಹಿತ್ತಲಲ್ಲಿ ಹೆಂಡತಿ ಕರಿಬೇವಿನ ಸಸಿ ನೆಟ್ಟಳು. ನಾವು ಆ ಊರು ಬಿಡುವ ಹೊತ್ತಿಗೆ ಪಕ್ಕದ ಮೂರು ಮನೆಯವರು ಒಗ್ಗರಣೆಗೆ ಅದರಿಂದಲೇ ಎಲೆ ಕೀಳುತ್ತಿದ್ದರು.