ಅಡೂರ್ ಭಾಸಿ: ಹಾಸ್ಯವೂ ಅಭಿನಯವೂ

ಮಲೆಯಾಳ ರಂಗಭೂಮಿಯಿಂದ ಚಲಚ್ಚಿತ್ರಕ್ಕೆ ಬಂದ ಹಾಸ್ಯನಟರಲ್ಲಿ ಅಡೂರ್ ಭಾಸಿಯವರ (1927–1990) ಮನೆತನದ ಹಿನ್ನೆಲೆ ಅಪೂರ್ವವಾದುದು. 'ಮಾರ್ತಾಂಡವರ್ಮ' ಕಾದಂಬರಿಯ ಕರ್ತೃಗಳಾದ ಸಿ. ವಿ. ರಾಮನ್ ಪಿಳ್ಳೆಯವರು ಇವರ ಮಾತಾಮಹರು, ಪ್ರಹಸನಕಾರ ಇ. ವಿ. ಕೃಷ್ಣಪಿಳ್ಳೆಯವರು ತಂದೆ. ಆದರೆ ವಂಶವನ್ನು ಹೇಳಿದ ಮಾತ್ರಕ್ಕೆ ಅಭಿನಯವನ್ನು ವಿವರಿಸಿದಂತಾಗದು. ತಂದೆ 1938ರಲ್ಲಿ ತೀರಿಕೊಂಡಾಗ ಭಾಸಿಯವರಿನ್ನೂ ಬಾಲಕರು. ಅವರ ಮಾತಿನ ಓಟವನ್ನು ತಿದ್ದಿದುದು ತಿರುವನಂತಪುರದ ಹವ್ಯಾಸಿ ರಂಗಭೂಮಿ.

ಅರುವತ್ತರ ದಶಕದ ಬಹುಪಾಲು ಚಿತ್ರಗಳಲ್ಲಿ ಹಾಸ್ಯವು ಕಥೆಗೆ ಹೊರಗಿನಿಂದ ಹಚ್ಚಿದ ತೇಪೆ. ಬಹದ್ದೂರರ ಜೊತೆಗೂಡಿ ಭಾಸಿಯವರು ಇಂತಹ ಪಾತ್ರಗಳನ್ನು ಲೆಕ್ಕವಿಲ್ಲದಷ್ಟು ಮಾಡಿದರು. ಹಲವನ್ನು ಇಂದು ನೋಡುವುದು ಕಷ್ಟವೇ ಸರಿ. 'ಸ್ಥಾನಾರ್ಥಿ ಸಾರಮ್ಮ'ದಲ್ಲಿ (1966) ಮಾತ್ರ ಹಾಸ್ಯಕ್ಕೆ ಚುನಾವಣೆಯ ನೆಲೆಯುಂಟು. ಅಲ್ಲಿಯ ಪ್ರಚಾರಗೀತೆಯನ್ನು ಅವರೇ ಹಾಡಿದರು. ಅದರ ನಿರ್ದೇಶಕರಾದ ಕೆ. ಎಸ್. ಸೇತುಮಾಧವನ್ನರೇ 'ಚಟ್ಟಕ್ಕಾರಿ'ಯಲ್ಲಿ (1974) ಅವರಿಗೆ ಆಂಗ್ಲೋ ಇಂಡಿಯನ್ ರೈಲು ಚಾಲಕನಾದ ಮಾರಿಸನ ಪಾತ್ರವನ್ನು ಕೊಟ್ಟರು. ಕೇರಳ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಅದಕ್ಕೆ ಸಂದಿತು. ಜಾನ್ ಅಬ್ರಹಾಮರ 'ಚೆರಿಯಾಚ್ಚಂಟೆ ಕ್ರೂರಕೃತ್ಯಙಳ್' (1979) ಚಿತ್ರಕ್ಕೆ ಮತ್ತೊಮ್ಮೆ.

ಇಲ್ಲಿ ಭಾಸಿಯವರು ಹಾಸ್ಯವನ್ನು ಬಿಟ್ಟು ದೊಡ್ಡ ನಟರಾದರೆಂಬ ವಾದ ನಮಗೆ ಒಪ್ಪತಕ್ಕದ್ದಾಗಿ ತೋರುವುದಿಲ್ಲ. ಪಾಪಪ್ರಜ್ಞೆಯಿಂದ ಬೆದರಿ ಪೋಲೀಸರಿಗೆ ಅಂಜುವ ಜಮೀನುದಾರ ಚೆರಿಯಾಚ್ಚನ್ನನಲ್ಲಿ ಕಾಣುವುದು ಹಳೆಯ ಪುಕ್ಕಲನ ಬೆಚ್ಚುವಿಕೆಯೇ, ತಡವರಿಸುವ ಅದೇ ದೇಹವೇ. ಭೇದವಿಷ್ಟೆ: ಹಿಂದೆ ಆ ಭಯಕ್ಕೆ ಕಾರಣವಿರಲಿಲ್ಲವಾಗಿ ನಾವು ನಕ್ಕೆವು, ಇಲ್ಲಿ ಕಾರಣವುಂಟು, ನಗು ಅರ್ಧದಲ್ಲೇ ನಿಲ್ಲುತ್ತದೆ.