ಭಾಷಾಕಾಲಗಣನೆ: ಎಣಿಕೆಯ ದೋಷ ಮತ್ತು ಪ್ರಾಚಲದ ಅನಿಶ್ಚಿತತೆ

ಮಾರಿಸ್ ಸ್ವಾಡೆಶ್ ರೂಪಿಸಿದ ಭಾಷಾಕಾಲಗಣನೆಯನ್ನು (ಗ್ಲಾಟೊಕ್ರನಾಲಜಿ) ಆಂದ್ರೊನೊವ್ 1964ರಲ್ಲಿ ದ್ರಾವಿಡ ಭಾಷೆಗಳಿಗೆ ಅನ್ವಯಿಸಿದರು. ನೂರು ಮೂಲಪದಗಳಲ್ಲಿ ಸಾವಿರ ವರ್ಷಗಳ ಬಳಿಕ ಶೇ. 86ರಷ್ಟು ಉಳಿಯುತ್ತವೆ ಎಂಬುದು ಈ ವಿಧಾನದ ಆಧಾರ. ಇದರ ಫಲಿತಾಂಶದೊಡನೆ ನೀಡಲಾಗುವ ದೋಷಮಿತಿಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಎರಡು ಭಾಷೆಗಳ ಪಟ್ಟಿಗಳಲ್ಲಿ 30 ಜ್ಞಾತಿಪದಗಳು ದೊರೆತವೆಂದು ಭಾವಿಸೋಣ. ಆಗ ಅವು ಕವಲೊಡೆದು ಸುಮಾರು 4000 ವರ್ಷಗಳಾದವೆಂದು ಲೆಕ್ಕ ಬರುತ್ತದೆ. ಪದಗಳು ಪರಸ್ಪರ ಸ್ವತಂತ್ರವಾಗಿದ್ದರೆ ಪ್ರಮಾಣಿತ ದೋಷ ಸುಮಾರು 500 ವರ್ಷ. ಆದರೆ ಇದು ಕೇವಲ ಎಣಿಕೆಯ ದೋಷ. ಶೇ. 86 ಎಂಬ ದರವನ್ನು ಇಲ್ಲಿ ಸ್ಥಿರಾಂಕವೆಂದೇ ಗ್ರಹಿಸಲಾಗಿದೆ; ವಾಸ್ತವವಾಗಿ ಅದೂ ಲಿಖಿತ ಇತಿಹಾಸವುಳ್ಳ ಕೆಲವೇ ಭಾಷೆಗಳಿಂದ ಅಂದಾಜಿಸಿದ ಪ್ರಾಚಲ. ದರವು ಶೇ. 84 ಆದರೆ ಕಾಲ 3450 ವರ್ಷಕ್ಕೆ ಇಳಿಯುತ್ತದೆ, ಶೇ. 88 ಆದರೆ 4700ಕ್ಕೆ ಏರುತ್ತದೆ. ಇಷ್ಟು ಅಲ್ಪ ವ್ಯತ್ಯಾಸವೇ ಎಣಿಕೆಯ ದೋಷವನ್ನು ಮೀರಿಸುತ್ತದೆ. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಪದಗಳ ಉಳಿಕೆ ಇದಕ್ಕಿಂತ ಬಹಳ ಹೆಚ್ಚೆಂದು ಬರ್ಗ್ಸ್‌ಲ್ಯಾಂಡ್ ಮತ್ತು ಫೋಗ್ಟ್ 1962ರಲ್ಲಿಯೇ ತೋರಿಸಿದ್ದರು.

ಪದಪಟ್ಟಿಯನ್ನು ಎಷ್ಟೇ ಹಿಗ್ಗಿಸಿದರೂ ದರದ ಈ ಅನಿಶ್ಚಿತತೆ ತಗ್ಗದು. ಆದ್ದರಿಂದ ಅದನ್ನು ಒಳಗೊಳ್ಳದ ದೋಷಮಿತಿಯನ್ನು ನಂಬಿ ಭಾಷೆಗಳ ಕವಲೊಡೆದ ಕಾಲವನ್ನು ಪುರಾತತ್ತ್ವದ ಸಾಕ್ಷ್ಯದೊಡನೆ ಹೊಂದಿಸುವುದು ಸಲ್ಲದೆಂಬುದು ನಮ್ಮ ನಿಲುವು.