ಗಾಳಿ ಬಂದಾಗ ತೂರಿಕೋ

ಪೋಕರ್ ಆಡುವವರಿಗೆ ಸ್ಲೋ ಪ್ಲೇ ಹುಚ್ಚು ಹಿಡಿಸಿದ ಕೈ ಒಂದಿದೆ. 1988ರ ವರ್ಲ್ಡ್ ಸೀರೀಸ್ ಆಫ್ ಪೋಕರ್, ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ. ಉಳಿದವರು ಇಬ್ಬರೇ: ಹಿಂದಿನ ವರ್ಷದ ಚಾಂಪಿಯನ್ ಜಾನಿ ಚಾನ್ ಮತ್ತು ಎರಿಕ್ ಸೈಡೆಲ್. ಫ್ಲಾಪ್‌ನಲ್ಲಿ ರಾಣಿ, ಹತ್ತು, ಎಂಟು. ಚಾನ್ ಕೈಯಲ್ಲಿ ಗುಲಾಮ ಮತ್ತು ಒಂಬತ್ತು, ಅಂದರೆ ಎಂಟರಿಂದ ರಾಣಿಯವರೆಗೆ ಸಾಲಾಗಿ ಸ್ಟ್ರೇಟ್. ಸೈಡೆಲ್ ಹತ್ತಿರ ಇದ್ದದ್ದು ರಾಣಿ ಮತ್ತು ಏಳು. ಟರ್ನ್‌ನಲ್ಲಿ ಎರಡು ಬಿತ್ತು, ಇಬ್ಬರೂ ಚೆಕ್. ರಿವರ್‌ನಲ್ಲಿ ಆರು ಬಿತ್ತು, ಚಾನ್ ಮತ್ತೆ ಚೆಕ್. ಎದುರಾಳಿಯ ಕೈ ಸೊರಗಿದೆ ಎಂದು ನಂಬಿದ ಸೈಡೆಲ್ ಇದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದರು. ಕೈ ತೆರೆದಾಗ 7 ಲಕ್ಷ ಡಾಲರ್ ಬಹುಮಾನ ಚಾನ್ ಪಾಲಾಗಿತ್ತು.

ಹತ್ತು ವರ್ಷದ ನಂತರ ಬಂದ 'ರೌಂಡರ್ಸ್' ಸಿನಿಮಾದಲ್ಲಿ ಮ್ಯಾಟ್ ಡೇಮನ್ ಪಾತ್ರ ಈ ಕೈಯ ಟೇಪನ್ನು ಕಣ್ಣು ಮಿಟುಕಿಸದೆ ನೋಡುತ್ತದೆ. ಅದನ್ನು ನೋಡಿದವರೆಲ್ಲ ಒಂದು ಪಾಠ ಕಲಿತರು: ಒಳ್ಳೆಯ ಎಲೆ ಬಂದರೆ ಸುಮ್ಮನಿರು, ಎದುರಿನವನು ತಾನಾಗಿ ಬಂದು ಬೀಳುತ್ತಾನೆ. ಆ ಪಾಠ ಅರ್ಧ ಮಾತ್ರ ಸರಿ.

ಚಾನ್ ಸುಮ್ಮನಿದ್ದದ್ದು ಏಕೆ ಫಲಿಸಿತು ಎಂಬುದನ್ನು ಬಿಡಿಸಿ ನೋಡೋಣ. ಎದುರಿಗೆ ಒಬ್ಬನೇ ಆಟಗಾರ. ಮೇಜಿನ ಮೂರೆಲೆ ಮೂರು ಜಾತಿಯವು, ಹಾಗಾಗಿ ಫ್ಲಶ್ ಸದ್ಯಕ್ಕೆ ದೂರ. ಆ ಹೊತ್ತಿಗೆ ಕಟ್ಟಬಹುದಾದ ಕೈಗಳಲ್ಲಿ ಚಾನ್ ಹಿಡಿದದ್ದೇ ಎಲ್ಲಕ್ಕಿಂತ ದೊಡ್ಡದು. ಸೈಡೆಲ್ ಮೇಲೇಳಬೇಕಾದರೆ ಬೇಕಾದ ಎಲೆಗಳು ಒಂದರ ಹಿಂದೊಂದು ಎರಡು ಸಲ ಬೀಳಬೇಕಿತ್ತು. ಅದರ ಜತೆಗೆ, ರಾಣಿಯ ಜೋಡಿ ಹಿಡಿದವನು ತಾನೇ ಬೆಟ್ ಮಾಡುವ ಸಂಭವ ಚೆನ್ನಾಗಿತ್ತು. ಇಷ್ಟೆಲ್ಲ ಒಟ್ಟಿಗೆ ಕೂಡಿಬಂದಾಗ ಮೌನ ಲಾಭ ತರುತ್ತದೆ. ನಮ್ಮ ನಿಮ್ಮ ಮೇಜಿನಲ್ಲಿ ಆರೇಳು ಜನ ಕೂತಿರುತ್ತಾರೆ. ನಾಲ್ಕು ಜನ ಫ್ಲಾಪ್ ನೋಡುತ್ತಾರೆ. ಅಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ನಮ್ಮ ಕಡೆಯವರಿಗೆ ಈ ಚಟ ಇನ್ನೂ ಆಳವಾಗಿ ಅಂಟಿಕೊಂಡಿರುವುದಕ್ಕೆ ಬೇರೊಂದು ಕಾರಣವಿದೆ. ಬಹಳ ಮಂದಿ ಪೋಕರ್‌ಗೆ ಬರುವುದು ತೀನ್ ಪತ್ತಿಯ ಬಾಗಿಲಿನಿಂದ. ಯುಗಾದಿಯ ಹೊಸತೊಡಕಿನಲ್ಲಿ, ದೀಪಾವಳಿಯ ರಾತ್ರಿಯಲ್ಲಿ ಆಡಿದ ಆಟ ಅದು. ಅಲ್ಲಿ ಮೂರೆಲೆ ಹಂಚಿದ ಮೇಲೆ ಮತ್ತೆ ಎಲೆ ಬರುವುದಿಲ್ಲ. ನಿಮಗೆ ಮೂರು ಎಕ್ಕ ಬಿದ್ದಿದ್ದರೆ ಕೊನೆಯವರೆಗೂ ಅದೇ ಮೇಲು. ಎಷ್ಟು ಹೊತ್ತು ಮಂಕಾಗಿ ಕೂತರೂ ನಿಮ್ಮ ಎಲೆಯ ಬೆಲೆ ಇಳಿಯದು. ಹೋಲ್ಡೆಮ್ ಹಾಗಲ್ಲ. ಫ್ಲಾಪ್ ಆದ ಮೇಲೆ ಇನ್ನೂ ಎರಡೆಲೆ ಬಾಕಿ. ನೀವು ಚೆಕ್ ಮಾಡಿದ ಪ್ರತಿ ಸಲವೂ ಎದುರಿನವರಿಗೆ ಒಂದೆಲೆಯನ್ನು ಪುಕ್ಕಟೆ ಕೊಟ್ಟಂತೆ.

ಆ ಪುಕ್ಕಟೆ ಎಲೆಗೆ ಬೆಲೆ ಕಟ್ಟೋಣ. ಮೇಜಿನ ಮೇಲೆ ಆಟಿನ್ ಒಂಬತ್ತು, ಆಟಿನ್ ಏಳು, ಕಳಾವರ್ ಎರಡು. ನಿಮ್ಮ ಕೈಯಲ್ಲಿ ಒಂಬತ್ತರ ಜೋಡಿ, ಅಂದರೆ ಮೂರು ಒಂಬತ್ತು, ದೊಡ್ಡ ಸೆಟ್. ಒಬ್ಬನ ಹತ್ತಿರ ಆಟಿನ್ ಎಕ್ಕ, ಆಟಿನ್ ನಾಲ್ಕು. ಇನ್ನೊಬ್ಬನ ಹತ್ತಿರ ಬೇರೆ ಜಾತಿಯ ಹತ್ತು ಮತ್ತು ಎಂಟು. ಮೊದಲನೆಯವನಿಗೆ ಫ್ಲಶ್ ಕಟ್ಟುವ ಆಟಿನ್ ಒಂಬತ್ತು ಉಳಿದಿವೆ. ಅವುಗಳಲ್ಲಿ ಆಟಿನ್ ಎರಡು ಬಂದರೆ ನಿಮಗೇ ಫುಲ್ ಹೌಸ್, ಆದ್ದರಿಂದ ಅವನಿಗೆ ನಿಜಕ್ಕೂ ದಕ್ಕುವುದು ಎಂಟು. ಎರಡನೆಯವನಿಗೆ ಗುಲಾಮ ಅಥವಾ ಆರು ಬಿದ್ದರೆ ಸ್ಟ್ರೇಟ್, ಅಲ್ಲಿ ಮತ್ತೆ ಆರು ಎಲೆ. ಕಾಣದ 43 ಎಲೆಗಳಲ್ಲಿ 14 ನಿಮಗೆ ವಿರುದ್ಧ. ಟರ್ನ್ ಒಂದರಲ್ಲೇ ಮೂರಕ್ಕೆ ಒಂದು ಸಲ ನೀವು ಹಿಂದೆ ಬೀಳುತ್ತೀರಿ. ಸ್ಲೋ ಪ್ಲೇ ಎಂದು ಚೆಕ್ ಮಾಡಿದವರು ಈ ಅಪಾಯವನ್ನು ಬಿಡಿಗಾಸು ಪಡೆಯದೆ ಹೊತ್ತಿರುತ್ತಾರೆ.

ಬೆಟ್ ಮಾಡಿದರೆ ಏನಾಗುತ್ತದೆ? ಪಾಟ್‌ನಲ್ಲಿ 1,000 ಇದೆ, ನೀವು 500 ಇಟ್ಟಿರಿ ಎನ್ನಿ. ಫ್ಲಶ್‌ಗೆ ಕಾಯುವವನು 1,500 ಗೆಲ್ಲಲು 500 ಕೊಡಬೇಕು. ಅದು ಗಿಟ್ಟಬೇಕಾದರೆ ನಾಲ್ಕಕ್ಕೆ ಒಂದು ಸಲವಾದರೂ ಅವನ ಎಲೆ ಬೀಳಬೇಕು. ಮುಂದಿನ ಒಂದೆಲೆಯಲ್ಲಿ ಅದು ಬೀಳುವುದು ಸುಮಾರು ಐದಕ್ಕೆ ಒಂದು ಸಲ. ರಿವರ್‌ನಲ್ಲಿ ಹೆಚ್ಚು ಬಾಚಿಕೊಳ್ಳುವ ಆಸೆ ಅವನಿಗಿರಬಹುದು. ಆದರೂ ಅವನು ಕಾಲ್ ಮಾಡಿದರೆ ಆ ಕ್ಷಣದ ಲೆಕ್ಕದಲ್ಲಿ ಲಾಭ ನಿಮ್ಮದೇ.

ಅಪಾಯ ತಪ್ಪಿಸುವುದು ಒಂದು ಮಾತಾಯಿತು. ಅದಕ್ಕಿಂತ ದೊಡ್ಡ ಮಾತು ಪಾಟ್ ಬೆಳೆಯುವ ರೀತಿ. ಅದೇ 1,000ದ ಪಾಟ್, ಪ್ರತಿ ಸುತ್ತಿಗೂ ಪಾಟ್‌ನ ಅರ್ಧದಷ್ಟು ಬೆಟ್, ಒಬ್ಬ ಕೊನೆಯವರೆಗೂ ಕಾಲ್ ಮಾಡುತ್ತಾನೆ. ಫ್ಲಾಪ್‌ನಲ್ಲಿ 500, ಟರ್ನ್‌ನಲ್ಲಿ 1,000, ರಿವರ್‌ನಲ್ಲಿ 2,000. ಅವನಿಂದ ನಿಮಗೆ ಬಂದದ್ದು 3,500. ಫ್ಲಾಪ್‌ನಲ್ಲಿ ಸುಮ್ಮನಿದ್ದು ಟರ್ನ್‌ನಿಂದ ಶುರುಮಾಡಿದರೆ 500 ಮತ್ತು 1,000, ಒಟ್ಟು 1,500. ಒಂದು ಸುತ್ತು ಬಿಟ್ಟದ್ದಕ್ಕೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಮೊದಲ ಸುತ್ತಿನ ಸಣ್ಣ ಬೆಟ್ಟೇ ಕೊನೆಯ ಸುತ್ತಿನ ದೊಡ್ಡ ಬೆಟ್‌ಗೆ ಬುನಾದಿ. ಎಲ್ಲರ ಮುಂದೆಯೂ ಚಿಪ್ಸ್ ರಾಶಿ ಎತ್ತರವಾಗಿರುವಾಗಂತೂ ಫ್ಲಾಪ್‌ನಲ್ಲಿ ಬಾಯಿ ಬಿಡದೆ ಹೋದರೆ ಆ ರಾಶಿಯನ್ನು ಪೂರ್ತಿ ಎಳೆದುಕೊಳ್ಳುವ ದಾರಿಯೇ ಮುಚ್ಚುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಪೋಕರ್ ಆಡುವವರು ಚಿಪ್ಸ್ ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಎಲೆ ಹಂಚಿದ ಕೂಡಲೇ ಎರಡು ಎಕ್ಕ ಕಂಡವರ ಕಥೆಯೂ ಇದೇ. ಒಬ್ಬನ ಎದುರು ಆ ಜೋಡಿ ಗೆಲ್ಲುವುದು ನೂರಕ್ಕೆ 85 ಸಲ. ಎಲ್ಲರೂ ಬರಲಿ ಎಂದು ರೈಸ್ ಮಾಡದೆ ನಾಲ್ವರನ್ನು ಒಳಗೆ ಬಿಟ್ಟುಕೊಂಡರೆ ಅದು ಸುಮಾರು 56ಕ್ಕೆ ಇಳಿಯುತ್ತದೆ. 1976 ಮತ್ತು 1977ರಲ್ಲಿ ಸತತ ಎರಡು ಸಲ ಚಾಂಪಿಯನ್ ಆದ ಡಾಯ್ಲ್ ಬ್ರನ್ಸನ್ ತಮ್ಮ 'ಸೂಪರ್ ಸಿಸ್ಟಮ್' ಪುಸ್ತಕದಲ್ಲಿ ಸಾರಿದ್ದು ಮೇಲೆ ಬಿದ್ದು ಆಡುವ ಆಟವನ್ನೇ.

'ಬೆಟ್ ಮಾಡಿದರೆ ನನ್ನ ಎಲೆಯ ಗುಟ್ಟು ರಟ್ಟಾಗುವುದಿಲ್ಲವೇ?' ಎಂದು ಕೇಳುವವರಿದ್ದಾರೆ. ನಿಜ ಇದಕ್ಕೆ ತಿರುಗುಮುರುಗು. ಫ್ಲಾಪ್‌ನಲ್ಲಿ ಬೆಟ್ ಮಾಡುವವರ ಹತ್ತಿರ ಒಂದು ಜೋಡಿ ಇರಬಹುದು, ಫ್ಲಶ್ ಆಸೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಅಷ್ಟು ಗುಂಪಿನಲ್ಲಿ ನಿಮ್ಮ ಸೆಟ್ ಸುಲಭವಾಗಿ ಕರಗಿಹೋಗುತ್ತದೆ. ಎರಡು ಸುತ್ತು ಮಲಗಿದ್ದು ರಿವರ್‌ನಲ್ಲಿ ಏಕಾಏಕಿ ಘರ್ಜಿಸಿದವರನ್ನೇ ಎಲ್ಲರೂ ಅನುಮಾನಿಸುವುದು. ಬ್ಲಫ್ ಮಾಡುವಾಗ ಬೆಟ್, ಎಲೆ ಇರುವಾಗ ಚೆಕ್ ಎಂಬ ರೂಢಿ ಬಿದ್ದರೆ ಚುರುಕಿನವರು ಒಂದೇ ಸಂಜೆಯಲ್ಲಿ ನಿಮ್ಮನ್ನು ಓದಿಬಿಡುತ್ತಾರೆ.

ಚೆಕ್ ಮಾಡಿ ರೈಸ್ ಮಾಡುವುದನ್ನು ಸ್ಲೋ ಪ್ಲೇ ಜತೆ ಗೊಂದಲ ಮಾಡಿಕೊಳ್ಳಬಾರದು. 2003ರ ವರ್ಲ್ಡ್ ಸೀರೀಸ್ ಫೈನಲ್‌ನಲ್ಲಿ ಕ್ರಿಸ್ ಮನಿಮೇಕರ್ ಕೈಯಲ್ಲಿ ಐದು ಮತ್ತು ನಾಲ್ಕು, ಸ್ಯಾಮಿ ಫರ್ಹಾ ಕೈಯಲ್ಲಿ ಗುಲಾಮ ಮತ್ತು ಹತ್ತು. ಫ್ಲಾಪ್‌ನಲ್ಲಿ ಗುಲಾಮ, ಐದು, ನಾಲ್ಕು. ಎರಡೆಲೆ ಒಂದೇ ಜಾತಿ. ಎರಡು ಸಣ್ಣ ಜೋಡಿ ಹಿಡಿದ ಮನಿಮೇಕರ್ ಚೆಕ್ ಮಾಡಿದರು, ಫರ್ಹಾ ಬೆಟ್ ಮಾಡಿದರು. ಮನಿಮೇಕರ್ ಟರ್ನ್‌ವರೆಗೆ ಕಾಯದೆ ಅಲ್ಲೇ ರೈಸ್ ಮಾಡಿದರು. ಗುಲಾಮನನ್ನು ನೆಚ್ಚಿಕೊಂಡ ಫರ್ಹಾ ಆಲ್-ಇನ್ ಹೋದರು. ಗುಲಾಮನೋ ಹತ್ತೋ ಬಿದ್ದಿದ್ದರೆ ಆ ಸಣ್ಣ ಜೋಡಿಗಳು ಮಣ್ಣುಪಾಲು. ಅದು ಗೊತ್ತಿದ್ದವರು ಇಡೀ ಹಣವನ್ನು ಫ್ಲಾಪ್‌ನಲ್ಲೇ ಒಳಗೆ ತಂದರು. 839 ಜನರ ಆ ಕಣದಲ್ಲಿ 25 ಲಕ್ಷ ಡಾಲರ್ ಗೆದ್ದದ್ದು ಹೀಗೆ.

ಹಾಗಾದರೆ ಸುಮ್ಮನಿರುವ ಕಾಲ ಯಾವುದು? ನಿಮ್ಮ ಕೈಯಲ್ಲಿ ರಾಜನ ಜೋಡಿ, ಮೇಜಿನಲ್ಲಿ ರಾಜ, ಏಳು, ಎರಡು, ಮೂರೂ ಬೇರೆ ಜಾತಿ. ಹೆದರಬೇಕಾದ ಎಲೆ ಇಲ್ಲವೇ ಇಲ್ಲ ಎನ್ನಬಹುದು. ಆದರೆ ನಿಮಗೆ ಹಣ ಕೊಡಬೇಕಾದ ರಾಜರಲ್ಲಿ ಮೂವರು ನಿಮ್ಮ ಲೆಕ್ಕಕ್ಕೇ ಸೇರಿದ್ದಾರೆ, ಹೊರಗೆ ಉಳಿದಿರುವುದು ಒಂದೇ. ಎದುರಿನವನಿಗೆ ಒಂದು ಎಕ್ಕವೋ ರಾಣಿಯೋ ಜೋಡಿಯಾಗಲಿ ಎಂದು ಒಂದು ಸುತ್ತು ಕಾಯುವುದು ಇಲ್ಲಿ ಜಾಣತನ. ಅದೇ ಮೇಜಿನಲ್ಲಿ ನಿಮ್ಮ ಕೈಯಲ್ಲಿ ಎರಡರ ಜೋಡಿ ಇದ್ದರೆ ಮೂರು ರಾಜರು ಹೊರಗಿದ್ದಾರೆ. ಒಂದನ್ನು ಹಿಡಿದವನು ನಿಮ್ಮ ಬೆಟ್‌ಗೆ ಕಾಲ್ ಕೊಡಲು ಸಿದ್ಧನಾಗಿ ಕೂತಿರುತ್ತಾನೆ, ಅವನನ್ನು ಕಾಯಿಸುವುದೇಕೆ? ಸೆಟ್ ಎರಡೂ ಕಡೆ ಇದೆ, ಆದರೆ ಆಡುವ ಬಗೆ ಬೇರೆ. ಇನ್ನೊಂದು ಸಂದರ್ಭ, ನಿಮ್ಮ ನಂತರ ಆಡುವವನು ಚೆಕ್ ಕಂಡರೆ ಸುಮ್ಮನಿರಲಾರದ ಮುಂಗೋಪಿ. ಅವನಿಗೆ ಹಗ್ಗ ಬಿಡಿ. ಏನೇ ಆದರೂ ಕಾಲ್ ಎನ್ನುವ ಸಾಧು ಎದುರಿಗಿದ್ದರೆ ಮಾತ್ರ ಆ ಹಗ್ಗ ವ್ಯರ್ಥ.

ಮುಂದಿನ ಸಲ ದೊಡ್ಡ ಕೈ ಹಿಡಿದು ಚೆಕ್ ಎನ್ನುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಟರ್ನ್‌ನಲ್ಲಿ ಯಾವ ಎಲೆ ಬಿದ್ದರೆ ನನ್ನ ಮುಖ ಸಪ್ಪಗಾಗುತ್ತದೆ? ನಾನು ಸುಮ್ಮನಿದ್ದರೆ ನನ್ನ ಪರವಾಗಿ ಬೆಟ್ ಮಾಡುವವರು ಈ ಮೇಜಿನಲ್ಲಿ ಯಾರು? ಮೊದಲನೆಯದಕ್ಕೆ ನಾಲ್ಕಾರು ಎಲೆ ನೆನಪಾದರೆ, ಎರಡನೆಯದಕ್ಕೆ ಒಂದು ಹೆಸರೂ ಹೊಳೆಯದಿದ್ದರೆ, ಚಿಪ್ಸ್ ಮುಂದಿಡಿ. ಎಲ್ಲರೂ ಎಲೆ ಎಸೆದು ಸಣ್ಣ ಪಾಟ್ ಸಿಕ್ಕಿತೆಂದು ಮುಖ ಗಂಟಿಕ್ಕಬೇಡಿ. ಅವರ ಹತ್ತಿರ ಏನೂ ಇರಲಿಲ್ಲ. ನೀವು ಎಷ್ಟು ಹೊತ್ತು ಹೊಂಚು ಹಾಕಿದ್ದರೂ ಅಂಥವರಿಂದ ಹೆಚ್ಚೇನೂ ಹುಟ್ಟುತ್ತಿರಲಿಲ್ಲ.